ಪದಚರ್ಚೆ: ‘ಕ್ವಿಯರ್’ಗೆ ಕನ್ನಡದಲ್ಲಿ ಏನು? ಬ್ಯಾನರಿಗೆ ಇವತ್ತೇ ಬೇಕು

ಬದಿಯಡ್ಕದಿಂದ:

ಎಲ್ಲರಿಗೂ ನಮಸ್ಕಾರ. ಮೂರು ಪದ ತುರ್ತಾಗಿ ಬೇಕಿತ್ತು, ಮುಖ್ಯವಾಗಿ ‘ಕ್ವಿಯರ್’ಗೆ. ಪ್ರೀತಿಯಲ್ಲೋ ಲಿಂಗದಲ್ಲೋ ಗಂಡು-ಹೆಣ್ಣಿನ ರೂಢಿಗೆ ಹೊರತಾದವರು ತಮ್ಮನ್ನು ಕರೆದುಕೊಳ್ಳುವ ಇಂಗ್ಲಿಷ್ ಪದ ಅದು.

ಶನಿವಾರ ನಮ್ಮ ವಾಚನಾಲಯದಲ್ಲಿ ಕಾಲೇಜು ಮಕ್ಕಳು ಒಂದು ಚರ್ಚೆ ಇಟ್ಟುಕೊಂಡಿದ್ದಾರೆ. ಅಮೆರಿಕದ ಪಾಪ್ ಗಾಯಕಿ ಚ್ಯಾಪೆಲ್ ರೋನ್ ಬಗ್ಗೆ. ಅವಳ ಕಲೆಯಲ್ಲಿ ಅವಳದ್ದೇ ಎಷ್ಟು, ಡ್ರ್ಯಾಗ್ ಕಲಾವಿದರಿಂದ (ಗಂಡು-ಹೆಣ್ಣಿನ ಉಡುಪು, ಬಣ್ಣವನ್ನು ಅತಿಯಾಗಿ ತೊಟ್ಟು ವೇದಿಕೆಯಲ್ಲಿ ಆಡುವವರು) ತಂದದ್ದೆಷ್ಟು ಎಂದು ಮಕ್ಕಳಲ್ಲಿ ಎರಡು ಪಕ್ಷ ಆಗಿದೆ. ಅವಳ ಬಣ್ಣ, ಉಡುಪು, ತಾನು ಲೆಸ್ಬಿಯನ್ ಎಂದು ಹೇಳಿಕೊಂಡೇ ಹಾಡುವುದು, ಎಲ್ಲವೂ ಚರ್ಚೆಗೆ ಬರುತ್ತದೆ.

ನಮ್ಮದು ಕೇರಳದ ಕಾಸರಗೋಡು ಜಿಲ್ಲೆ, ಹಾಗಾಗಿ ಬ್ಯಾನರಿನಲ್ಲಿ ಮೂರು ಭಾಷೆ. ಇಂಗ್ಲಿಷ್ ಸಾಲು ಆಯಿತು. ಮಲಯಾಳದವರು ‘ಕ್ವಿಯರ್’ ಅಂತಲೇ ಹಾಕಿ ಮುಗಿಸಿದ್ದಾರೆ. ಕನ್ನಡ ಸಾಲು ಮಾತ್ರ ಬಾಕಿ. ಪ್ರಿಂಟಿಂಗಿನ ಹುಡುಗ ಮೊಬೈಲಿನಲ್ಲಿ ಅನುವಾದ ಮಾಡಿ ‘ವಿಲಕ್ಷಣ ಕಲೆ’ ಎಂದು ಕೂರಿಸಿ ಪ್ರೂಫ್ ಕಳಿಸಿದ್ದಾನೆ. ಅದನ್ನು ನೋಡಿ ಮಕ್ಕಳ ಮುಖ ಸಣ್ಣದಾಯಿತು. ನನಗೂ ತಡೆಯಲಿಲ್ಲ. ಹಾಗೆ ಅಚ್ಚು ಹಾಕಲು ನಾನು ಬಿಡುವುದಿಲ್ಲ.

‘ಒರಿಜಿನಾಲಿಟಿ’, ‘ಏಸ್ಥೆಟಿಕ್’, ‘ಕ್ವಿಯರ್ ಐಡೆಂಟಿಟಿ’. ಈ ಮೂರಕ್ಕೆ ಪದ ಕೊಡಿ. ಆರು ಗಂಟೆಗೆ ಅಂಗಡಿ ಮುಚ್ಚುತ್ತದೆ.

ಬೆಂಗಳೂರಿನಿಂದ:

ತನ್ನತನ. ಚೆಲುವರಿಮೆ. ಬೇರೊಲವು.

‘ಸ್ವಂತಿಕೆ’ ಬೇಡ. ಸಂಸ್ಕೃತದ ಪದಕ್ಕೆ ನಮ್ಮ ‘ಇಕೆ’ ಅಂಟಿಸಿದ್ದು. ‘ಕ್ವಿಯರ್’ ಅಂತೂ ಬೇಡವೇ ಬೇಡ. ಆಂಡಯ್ಯ 13ನೇ ಶತಮಾನದಲ್ಲಿ ಸಂಸ್ಕೃತದ ತತ್ಸಮಗಳನ್ನು ದೂರ ಇಟ್ಟು ಒಂದು ಇಡೀ ಕಾವ್ಯ ಬರೆದ. ನಮಗೆ ಒಂದು ಬ್ಯಾನರ್ ಬರೆಯಲು ಆಗುವುದಿಲ್ಲವೇ?

ಪುತ್ತೂರಿನಿಂದ:

ಹೊಸ ಪದ ಹುಟ್ಟಿಸುವ ಮೊದಲು ಮನೆಯಲ್ಲಿ ಇರುವುದನ್ನು ನೋಡಬೇಕು. ಹಳೆಯ ಪದ ಒಂದುಂಟು: ‘ಪೇಡಿ’. ಗಂಡು, ಹೆಣ್ಣು ಎಂಬ ಎರಡು ಗೂಟಕ್ಕೂ ಕಟ್ಟಿಹಾಕಲಾಗದವರಿಗೆ ಹೇಳುತ್ತಿದ್ದದ್ದು. ಪಕಾರ ಹಕಾರ ಆಗಿ ಅದೇ ಮುಂದೆ ‘ಹೇಡಿ’ ಆಯಿತು. ಪಾಲು ಹಾಲಾದ ಹಾಗೆ, ಪುಲಿ ಹುಲಿಯಾದ ಹಾಗೆ. ಮಲಯಾಳದಲ್ಲಿ ‘ಪೇಡಿ’ ಅಂದರೆ ಬರೇ ಹೆದರಿಕೆ. ತಮಿಳಿನಲ್ಲಿ ಹಳೆಯ ಅರ್ಥ ಹಾಗೇ ಉಳಿದಿದೆ. ಅಲ್ಲಿಯ ಹಳೆಯ ಕಾವ್ಯ ಶಿಲಪ್ಪದಿಕಾರದಲ್ಲಿ ನರ್ತಕಿ ಮಾಧವಿ ಆಡುವ ಹನ್ನೊಂದು ಕುಣಿತಗಳಲ್ಲಿ ಒಂದರ ಹೆಸರೇ ‘ಪೇಡು’. ಮಗ ಅನಿರುದ್ಧನನ್ನು ಸೆರೆಯಿಂದ ಬಿಡಿಸಲು ಕಾಮನೇ ಬಾಣಾಸುರನ ಊರಿನ ಬೀದಿಯಲ್ಲಿ ಪೇಡಿಯಾಗಿ ಕುಣಿದ ಕಥೆ ಅದು. ನೋಡಿ, ವೇಷ, ಕುಣಿತ, ಲಿಂಗ ಎಲ್ಲವೂ ಒಂದೇ ಪದದೊಳಗೆ ಬಂತು. ನಿಮ್ಮ ಗಾಯಕಿಗೆ ಇದಕ್ಕಿಂತ ಒಪ್ಪುವ ಪದ ಎಲ್ಲಿ ಸಿಗಬೇಕು?

ಅದು ಬೈಗುಳ ಅನ್ನಬೇಡಿ. ‘ಕ್ವಿಯರ್’ ಕೂಡ ಇಂಗ್ಲಿಷಿನಲ್ಲಿ ಬೈಗುಳವೇ ಆಗಿತ್ತು.

ಮಂಜೇಶ್ವರದಿಂದ:

ಪುತ್ತೂರಿನ ಸಾರ್, ಬೇಡ.

ಪದದ ಹುಟ್ಟು ನೀವು ಹೇಳಿದ ಹಾಗೇ ಇರಬಹುದು. ನಾನು ಅದಕ್ಕೆ ತಕರಾರು ಮಾಡುವುದಿಲ್ಲ. ಆದರೆ ಬದಿಯಡ್ಕ ಪೇಟೆಯಲ್ಲಿ ನಿಂತು ಆ ಬ್ಯಾನರ್ ಓದುವವರಿಗೆ ಕಾಮನ ಕುಣಿತ ಗೊತ್ತಿಲ್ಲ. ಕನ್ನಡದವರಿಗೆ ಅದು ‘ಹೇಡಿ’ ಅಂತ ಕೇಳುತ್ತದೆ. ಮಲಯಾಳದವರಿಗೆ ‘ಹೆದರಿಕೆ’ ಅಂತ. ಇಂಗ್ಲಿಷಿನವರೂ ಬೈಗುಳವನ್ನೇ ಎತ್ತಿಕೊಂಡರು, ನಿಜ. ಎತ್ತಿಕೊಂಡವರು ಯಾರು ಸಾರ್? 1990ರಲ್ಲಿ ನ್ಯೂಯಾರ್ಕಿನಲ್ಲಿ ‘ಕ್ವಿಯರ್ ನೇಷನ್’ ಎಂದು ಹೆಸರಿಟ್ಟುಕೊಂಡು ಬೀದಿಗೆ ಇಳಿದವರು ಆ ಬೈಗುಳ ತಿಂದವರೇ. ಪದ ಯಾರ ಮೇಲೆ ಬಿತ್ತೋ, ಅದನ್ನು ಎತ್ತಿ ಮುಡಿಯುವ ಹಕ್ಕು ಅವರದ್ದು. ನಾವು ನಾಲ್ಕು ಜನ ಕೂತು ಅವರ ಪರವಾಗಿ ಮುಡಿಸುವುದಲ್ಲ.

ಬೆಂಗಳೂರಿನವರ ‘ಬೇರೊಲವು’. ಬೇರೆ ಅಂದರೆ ಯಾರಿಂದ ಬೇರೆ? ಬಾಗಿಲಲ್ಲೇ ‘ನೀನು ಬೇರೆ’ ಎಂದು ಬರೆದಿಟ್ಟು ಒಳಗೆ ಕರೆದ ಹಾಗೆ ಆಗುತ್ತದೆ. ಮತ್ತೆ, ಒಲವು ಒಂದೇ ಸಾಕಾಗುವುದಿಲ್ಲ. ಕ್ವಿಯರ್ ಎಂಬುದರಲ್ಲಿ ಯಾರನ್ನು ಪ್ರೀತಿಸುತ್ತೇನೆ ಎಂಬುದೂ ಇದೆ, ನಾನು ಗಂಡೋ ಹೆಣ್ಣೋ ಎರಡೂ ಅಲ್ಲವೋ ಎಂಬುದೂ ಇದೆ. ‘ಸಲಿಂಗಿ’ ಎಂದರೂ ಇದೇ ತೊಂದರೆ. ರೋನ್ ಒಬ್ಬಳಿಗೆ ಅದು ಸರಿ. ಅವಳು ಯಾರಿಂದ ಕಲಿತಳೋ ಆ ಟ್ರಾನ್ಸ್ ಕಲಾವಿದರು (ಹುಟ್ಟಿದಾಗ ಗುರುತಿಸಿದ ಲಿಂಗ ತಮ್ಮದಲ್ಲ ಎನ್ನುವವರು) ಆ ಪದದ ಹೊರಗೆ ಉಳಿಯುತ್ತಾರೆ.

ಇನ್ನು ಯಾರಾದರೂ ‘ಲೈಂಗಿಕ ಅಲ್ಪಸಂಖ್ಯಾತರು’ ಎಂದು ಬರೆಯುವ ಮೊದಲೇ ಹೇಳಿಬಿಡುತ್ತೇನೆ. ಕರ್ನಾಟಕದಲ್ಲಿ ಅದು ನಡೆಯುತ್ತದೆ. ಇಲ್ಲಿ ‘ಅಲ್ಪಸಂಖ್ಯಾತ’ ಅಂದರೆ ಮೊದಲು ಅರ್ಥ ಆಗುವುದು ನಾವೇ, ಭಾಷಾ ಅಲ್ಪಸಂಖ್ಯಾತ ಕನ್ನಡಿಗರು. ಬ್ಯಾನರ್ ನೋಡಿದವರು ಕನ್ನಡ ಶಾಲೆಯ ಮೇಷ್ಟ್ರ ನೇಮಕದ ಹೋರಾಟ ಅಂದುಕೊಳ್ಳುತ್ತಾರೆ.

ಮಲಯಾಳದವರು ಸುಮ್ನೆ ‘ಕ್ವಿಯರ್’ ಎಂದು ಹಾಕಿದ್ದಲ್ಲ. ಅಲ್ಲಿಯೂ ‘ಭಿನ್ನಲಿಂಗ’, ‘ಮೂರನೇ ಲಿಂಗ’ ಎಂದೆಲ್ಲ ಬರೆಯುತ್ತಿದ್ದರು. ಆ ಸಮುದಾಯದವರು ಒಪ್ಪಲಿಲ್ಲ. 2019ರಲ್ಲಿ ಕೇರಳ ಸರಕಾರವೇ ಕಚೇರಿ ಪತ್ರಗಳಲ್ಲಿ ‘ಟ್ರಾನ್ಸ್‌ಜೆಂಡರ್’ ಅಂತಲೇ ಬರೆಯಬೇಕು ಎಂದು ಆದೇಶ ಮಾಡಿತು. ಪದ ಹುಡುಕುವವರು ಮೊದಲು ಕೇಳಬೇಕಾದದ್ದು ಅವರನ್ನು. ನಿಘಂಟು ಆಮೇಲೆ.

ಈಗ ಗಾಯಕಿಯ ವಿಷಯಕ್ಕೆ ಬರುತ್ತೇನೆ. ನಾನು ಅವಳ ಅಭಿಮಾನಿ, ಅದನ್ನು ಮುಚ್ಚಿಡುವುದಿಲ್ಲ. ಅವಳು ಮಿಸೂರಿ ರಾಜ್ಯದ ವಿಲಾರ್ಡ್ ಎಂಬ ಸಣ್ಣ ಊರಿನವಳು. 1998ರಲ್ಲಿ ಹುಟ್ಟಿದ್ದು. ಹೆಸರೇ ಎರವಲು. ‘ಚ್ಯಾಪೆಲ್’ ಅಜ್ಜನ ಮನೆತನದ ಹೆಸರು, ‘ರೋನ್’ ಆ ಅಜ್ಜನಿಗೆ ಇಷ್ಟವಾದ ಹಳೆಯ ಹಾಡಿನಿಂದ ತೆಗೆದದ್ದು. 2020ರಲ್ಲಿ ರೆಕಾರ್ಡ್ ಕಂಪನಿ ಅವಳನ್ನು ಕೈಬಿಟ್ಟಿತು. ಮೊದಲ ಆಲ್ಬಂ ಬಂದದ್ದು 2023ರ ಸೆಪ್ಟೆಂಬರಿನಲ್ಲಿ. 2025ರ ಫೆಬ್ರವರಿಯಲ್ಲಿ ಹೊಸ ಕಲಾವಿದೆಗೆ ಕೊಡುವ ಗ್ರ್ಯಾಮಿ ಸಿಕ್ಕಿತು.

‘ಕದ್ದದ್ದು’ ಎನ್ನುವ ಪಕ್ಷದವರು ಯಾವಾಗಲೂ ಒಂದು ಮಾತನ್ನು ಹಿಡಿದುಕೊಳ್ಳುತ್ತಾರೆ. 2024ರ ಏಪ್ರಿಲಿನಲ್ಲಿ ಅಮೆರಿಕದ ಕೋಚೆಲ್ಲಾ ಸಂಗೀತೋತ್ಸವದ ವೇದಿಕೆಯಲ್ಲಿ ಅವಳು, ನಿಮ್ಮ ಮೆಚ್ಚಿನ ಕಲಾವಿದರಿಗೆ ಮೆಚ್ಚಿನ ಕಲಾವಿದೆ ನಾನು ಎಂದಳು. ಆ ಮಾತಿನ ಅಚ್ಚು ಸಾಶಾ ಕೋಲ್ಬಿಯದ್ದು. ಹವಾಯಿಯ ಟ್ರಾನ್ಸ್ ಡ್ರ್ಯಾಗ್ ಕಲಾವಿದೆ, 2023ರಲ್ಲಿ ಟಿವಿಯಲ್ಲಿ ರುಪಾಲ್ ನಡೆಸುವ ಡ್ರ್ಯಾಗ್ ಸ್ಪರ್ಧೆ ಗೆದ್ದವಳು. ಸಾಶಾ ‘ಡ್ರ್ಯಾಗ್ ಕ್ವೀನ್’ ಎಂದ ಕಡೆ ಇವಳು ‘ಕಲಾವಿದೆ’ ಎಂದಳು, ಅಷ್ಟೇ. ಆದರೆ ಇದನ್ನು ಯಾರೋ ಪತ್ತೆ ಹಚ್ಚಿ ಹಿಡಿದದ್ದಲ್ಲ. ಅದು ಸಾಶಾಳ ಮಾತು ಎಂದು ರೋನೇ ಹೇಳಿದ್ದಾಳೆ. ಊರೂರಿಗೆ ಕಾರ್ಯಕ್ರಮಕ್ಕೆ ಹೋದಾಗ ತನಗಿಂತ ಮೊದಲು ಆ ಊರಿನ ಡ್ರ್ಯಾಗ್ ಕಲಾವಿದರನ್ನೇ ವೇದಿಕೆ ಹತ್ತಿಸಿದಳು. 2024ರ ಸೆಪ್ಟೆಂಬರಿನಲ್ಲಿ ಎಂಟಿವಿ ಪ್ರಶಸ್ತಿ ಸಿಕ್ಕಿದಾಗ ಅದನ್ನು ಡ್ರ್ಯಾಗ್ ಕಲಾವಿದರಿಗೆ ಅರ್ಪಿಸಿದಳು. ಸಾಲ ಕೊಟ್ಟವರ ಹೆಸರನ್ನು ವೇದಿಕೆಯಲ್ಲೇ ಹೇಳುವವಳನ್ನು ಕಳ್ಳಿ ಎನ್ನುವುದು ನ್ಯಾಯವೇ?

ನಮ್ಮ ಬ್ಯಾನರಿನಲ್ಲೂ ಹಾಗೇ ಆಗಲಿ. ‘ಕ್ವಿಯರ್’ ತಂದ ಪದ. ತಂದದ್ದು ಎಂದು ಕಾಣುವ ಹಾಗೇ ಬರೆಯಿರಿ.

ಬೆಂಗಳೂರಿನಿಂದ:

ಗಡಿಯಲ್ಲಿರುವವರೇ ಹೀಗೆ ಬಿಟ್ಟುಕೊಟ್ಟರೆ ಏನು ಹೇಳುವುದು? ಮಲಯಾಳದವರು ಹಾಕಿದ್ದಾರೆ, ನಾವೂ ಹಾಕೋಣ. ಇಂಗ್ಲಿಷಿನವರು ಅಂದಿದ್ದಾರೆ, ನಾವೂ ಅನ್ನೋಣ. ಮೂರು ಸಾಲಿನಲ್ಲೂ ಅದೇ ಪದ ಇದ್ದರೆ ಕನ್ನಡ ಸಾಲು ಯಾಕೆ ಬೇಕು?

ಎರವು ಹೆಚ್ಚಾದಷ್ಟೂ ನುಡಿ ಸೊರಗುತ್ತದೆ. ನನ್ನ ನಿಲುವು ಬದಲಾಗುವುದಿಲ್ಲ.

ಮಂಜೇಶ್ವರದಿಂದ:

1956ರ ನವೆಂಬರ್ 1ರಿಂದ ನಾವು ಕೇರಳದಲ್ಲಿ ಇದ್ದೇವೆ. ಇಲ್ಲಿ ಕನ್ನಡ ಬೋರ್ಡಿಗೆ, ಕನ್ನಡ ಅರ್ಜಿ ಫಾರಮಿಗೆ, ಕನ್ನಡ ಪಾಠಕ್ಕೆ ಎಷ್ಟು ಸಲ ಬೀದಿಗೆ ಇಳಿಯಬೇಕಾಯಿತು ಎಂದು ನಿಮಗೆ ಗೊತ್ತಿದ್ದರೆ ‘ಬಿಟ್ಟುಕೊಟ್ಟರು’ ಎಂಬ ಮಾತು ಬರುತ್ತಿರಲಿಲ್ಲ. ಆ ಮಾತು ನೋಯಿಸಿತು.

ಅರ್ಜಿ ಎಂದೆ ಅಲ್ವಾ, ಅದನ್ನೇ ತೆಗೆದುಕೊಳ್ಳಿ. ಅರ್ಜಿ ಅರಬಿಯಿಂದ ಬಂದ ಪದ. ಯಾವ ಅಜ್ಜಿಗೂ ಅದು ಪರಕೀಯ ಅನಿಸುವುದಿಲ್ಲ. ಮಲಯಾಳದಲ್ಲಿ ಅರ್ಜಿಗೆ ‘ಅಪೇಕ್ಷ’ ಅನ್ನುತ್ತಾರೆ. ಮಲಯಾಳದಿಂದ ಕನ್ನಡಕ್ಕೆ ಇಳಿಸುವಾಗ ‘ಅಪೇಕ್ಷೆ ಸಲ್ಲಿಸಬೇಕು’ ಎಂದು ಬರೆದರೆ ಓದುವುದಕ್ಕೆ ಚಂದದ ಕನ್ನಡವೇ. ಆದರೆ ನಮಗೆ ಅಪೇಕ್ಷೆ ಅಂದರೆ ಆಸೆ. ‘ಅವಸರ’ ಅಲ್ಲಿ ಅವಕಾಶ, ಇಲ್ಲಿ ಗಡಿಬಿಡಿ. ‘ಪ್ರಸಂಗ’ ಅಲ್ಲಿ ಭಾಷಣ, ಇಲ್ಲಿ ಯಕ್ಷಗಾನ ಆಟದ ಕಥೆ. ನಮ್ಮ ಕನ್ನಡಕ್ಕೆ ಪೆಟ್ಟು ಬೀಳುವುದು ಇಂಥ ಕಡೆ. ನಮ್ಮದೇ ಮುಖ ಹೊತ್ತುಕೊಂಡು ಒಳಗೆ ಬಂದು ಅರ್ಥ ಬದಲಿಸುವ ಪದಗಳಿಂದ. ‘ಕ್ವಿಯರ್’ ನೋಡಿದವರು ಹೆಚ್ಚೆಂದರೆ ‘ಇದೆಂತ ಪದ’ ಎಂದು ಕೇಳುತ್ತಾರೆ. ಕೇಳಲಿ. ಚರ್ಚೆ ಇಟ್ಟದ್ದೇ ಅದಕ್ಕೆ. ‘ವಿಲಕ್ಷಣ’ ನೋಡಿದವರು ಏನೂ ಕೇಳುವುದಿಲ್ಲ. ಎಲ್ಲ ಅರ್ಥವಾಯಿತು ಎಂದು ನಕ್ಕು ಮುಂದೆ ಹೋಗುತ್ತಾರೆ.

ಪೆರ್ಲದಿಂದ:

ನಾನು ಯಕ್ಷಗಾನ ಮೇಳದಲ್ಲಿ ತಿರುಗಾಟ ಮಾಡಿದವನು. ಪಾಪ್ ಹಾಡು ನನಗೆ ಗೊತ್ತಿಲ್ಲ. ಮಗಳು ಕೆಲವು ವಿಡಿಯೊ ತೋರಿಸಿದಳು. ಒಂದರಲ್ಲಿ ನ್ಯೂಯಾರ್ಕಿನ ಲಿಬರ್ಟಿ ಪ್ರತಿಮೆಯ ಹಾಗೆ ಮೈಗೆಲ್ಲ ಹಸಿರು ಬಣ್ಣ ಬಳಿದುಕೊಂಡು, ದೊಡ್ಡ ಸೇಬುಹಣ್ಣಿನೊಳಗಿಂದ ಹೊರಗೆ ಬರುತ್ತಾಳೆ. 2024ರ ಜೂನಿನಲ್ಲಿ ಆದ ಕಾರ್ಯಕ್ರಮವಂತೆ. ಕಿವಿ, ಕುತ್ತಿಗೆ, ಎಲ್ಲ ಕಡೆ ಬಣ್ಣ ಮುಟ್ಟಿದೆ. ಅಷ್ಟು ಬಳಿದುಕೊಂಡು ಬೆವರುತ್ತಾ ಹಾಡುವುದು ಎಷ್ಟು ಕಷ್ಟ ಎಂದು ಚೌಕಿಯಲ್ಲಿ (ಬಣ್ಣ ಹಚ್ಚುವ ಜಾಗ) ಕೂತವನಿಗೆ ಗೊತ್ತು. ನನಗೆ ಆ ಹುಡುಗಿಯ ಮೇಲೆ ಗೌರವ ಬಂತು.

ನಿಮ್ಮ ಎರಡನೇ ಪದಕ್ಕೆ ನಮ್ಮಲ್ಲಿ ಪದ ಉಂಟು: ಬಣ್ಣಗಾರಿಕೆ. ‘ಚೆಲುವರಿಮೆ’ ಬೇಡ. ಅರಿಮೆ ಅಂದರೆ ಶಾಸ್ತ್ರ. ಮಕ್ಕಳು ಮಾತಾಡುವುದು ಅವಳು ಕಣ್ಣಿಗೆ ಹೇಗೆ ಕಾಣುತ್ತಾಳೆ ಎಂಬುದರ ಬಗ್ಗೆ.

‘ವೇಷ’ ಎಂದು ಹಾಕಬಹುದೇ ಎಂದು ಮೊದಲು ಯೋಚಿಸಿದೆ. ನಮಗೆ ವೇಷಧಾರಿ ಅಂದರೆ ಕಲಾವಿದ. ಕೋಳ್ಯೂರು ರಾಮಚಂದ್ರ ರಾಯರ ಸ್ತ್ರೀವೇಷ ನೋಡಿ ಬೆಳೆದವರು ನಾವು. ಆದರೆ ಘಟ್ಟದ ಮೇಲೆ ‘ವೇಷ ಹಾಕುತ್ತಾನೆ’ ಅಂದರೆ ನಾಟಕ ಮಾಡುತ್ತಾನೆ, ಮೋಸ ಮಾಡುತ್ತಾನೆ ಎಂದು. ಆ ಹುಡುಗಿ ಹೆಣ್ಣನ್ನು ಪ್ರೀತಿಸುವುದು ವೇಷ ಅಲ್ಲವಲ್ಲ. ಆಟ ಮುಗಿದು ಬಣ್ಣ ತೆಗೆದ ಮೇಲೂ ಅವಳು ಅವಳೇ. ಎರಡೂ ಒಂದೇ ಸಾಲಿನಲ್ಲಿ ಬಂದರೆ ಯಾರಾದರೂ ತಪ್ಪು ತಿಳಿಯುತ್ತಾರೆ. ಹಾಗಾಗಿ ಬಣ್ಣಗಾರಿಕೆ ಸಾಕು. ‘ಸ್ತ್ರೀವೇಷ’ವನ್ನು ಡ್ರ್ಯಾಗಿಗೆ ಹಾಕಬೇಡಿ. ನಮ್ಮ ಸ್ತ್ರೀವೇಷದವನು ಪಾತ್ರ ಮಾಡಿ ಮನೆಗೆ ಹೋಗುತ್ತಾನೆ. ಅವರದ್ದು ಅದಕ್ಕಿಂತ ಜಾಸ್ತಿ ಎಂದು ಮಗಳು ಹೇಳಿದಳು, ನನಗೂ ಹಾಗೇ ಕಂಡಿತು.

ಕದ್ದದ್ದೋ ಸ್ವಂತದ್ದೋ ಎಂಬ ಬಗ್ಗೆ ಒಂದು ಮಾತು. ಕುಂಬಳೆಯ ಯಕ್ಷಗಾನ ಕವಿ ಪಾರ್ತಿಸುಬ್ಬನ ಪದಗಳಿಗೂ (ಅಂದರೆ ಹಾಡುಗಳಿಗೂ) ಮಲಯಾಳದ ಕೊಟ್ಟಾರಕ್ಕರ ತಂಬುರಾನನ ರಾಮನಾಟ್ಟದ (ಕಥಕಳಿಯ ಹಿಂದಿನ ರೂಪ) ಪದಗಳಿಗೂ ಹೋಲಿಕೆ ಉಂಟು ಎಂದು ನಮ್ಮ ಪಂಡಿತರು ಬೇಕಾದಷ್ಟು ಜಗಳಾಡಿದ್ದಾರೆ. ಭಾಗವತರು ಆ ಪದ ಎತ್ತಿದಾಗ ಯಾರೂ ಎದ್ದು ಹೋಗಲಿಲ್ಲ. ಗಡಿಯಲ್ಲಿ ಇದ್ದ ಕವಿಗೆ ಎರಡೂ ಕಡೆಯದ್ದು ಕಿವಿಗೆ ಬೀಳುತ್ತದೆ. ಬಿದ್ದದ್ದನ್ನು ಅವನು ಏನು ಮಾಡಿದ ಎಂದು ನೋಡಬೇಕು. ನಮ್ಮ ಕಡೆಯ ಯಕ್ಷಗಾನವಾದ ತೆಂಕುತಿಟ್ಟಿನ ಮದ್ದಳೆಗೆ ಕೂರುವ ಹಾಗೆ ಕನ್ನಡದಲ್ಲಿ ಹಾಡಿಸಿದನಲ್ಲ, ಅದು ಅವನದ್ದೇ.

ಪುತ್ತೂರಿನಿಂದ:

ಹೋಲಿಕೆ ಉಂಟು ಎಂದು ಒಪ್ಪುವುದಾದರೆ ಯಾರಿಂದ ಯಾರಿಗೆ ಎಂಬ ಪ್ರಶ್ನೆ ಉಳಿಯುತ್ತದೆ. ಇಬ್ಬರ ಕಾಲನಿರ್ಣಯ ಮೊದಲು ಆಗಬೇಕು. ಇದಕ್ಕೆ ಬೇರೆ ಚರ್ಚೆಯೇ ಬೇಕು, ನಾಳೆ ನಾನೇ ಶುರು ಮಾಡುತ್ತೇನೆ.

‘ಪೇಡಿ’ಯನ್ನು ಬ್ಯಾನರಿನಿಂದ ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಆ ವ್ಯುತ್ಪತ್ತಿ ಮಾತ್ರ ಗಟ್ಟಿ.

ಬದಿಯಡ್ಕದಿಂದ:

ಎಲ್ಲರಿಗೂ ಉಪಕಾರ ಆಯಿತು. ಮಕ್ಕಳ ಎದುರಿಗೆ ಎಲ್ಲವನ್ನೂ ಓದಿದೆ. ಅವರು ಒಪ್ಪಿದ ಸಾಲು ಇದು:

ಚ್ಯಾಪೆಲ್ ರೋನ್: ಸ್ವಂತಿಕೆ, ಬಣ್ಣಗಾರಿಕೆ, ಕ್ವಿಯರ್ ತನ್ನತನ

ಬೆಂಗಳೂರಿನ ಸಾರ್, ನಿಮ್ಮ ‘ತನ್ನತನ’ ಉಳಿದಿದೆ, ಐಡೆಂಟಿಟಿಯ ಜಾಗದಲ್ಲಿ. ಅಲ್ಲಿ ‘ಅಸ್ಮಿತೆ’ ಎಂದು ಬರೆದಿದ್ದೆ. ನಿಮ್ಮ ಪದ ನೋಡಿದ ಮೇಲೆ ಅದನ್ನು ಹೊಡೆದು ಹಾಕಿದೆ. ಒರಿಜಿನಾಲಿಟಿಗೆ ‘ಸ್ವಂತಿಕೆ’ಯೇ ಇರಲಿ. ಒಬ್ಬಳು ತಾನು ಯಾರು ಎಂದು ಹೇಳಿಕೊಳ್ಳುವುದು ಬೇರೆ, ಅವಳು ಮಾಡಿದ ಕೆಲಸ ಅವಳದ್ದೇ ಹೌದೋ ಎಂದು ಕೇಳುವುದು ಬೇರೆ. ಮಕ್ಕಳ ಜಗಳ ಇರುವುದೇ ಆ ಎರಡರ ನಡುವೆ.

ಪ್ರಿಂಟಿಂಗಿನವನಿಗೆ ಕಳಿಸಿದ್ದೇನೆ. ಅವನ ಅಕ್ಷರದಲ್ಲಿ ‘ಚ್ಯಾ’ ಒತ್ತು ಒಡೆದು ಬರುತ್ತಿದೆ. ‘ಚಾಪೆಲ್’ ಎಂದು ಮಾಡಿದರೆ ಯಾರಿಗಾದರೂ ತೊಂದರೆ ಉಂಟಾ? ಬೇಗ ಹೇಳಿ.

ಬೆಂಗಳೂರಿನಿಂದ:

‘ಚಾಪೆಲ್’ ಸಾಕು. ಕನ್ನಡದ ಬಾಯಿಗೆ ಅದೇ ಸಲೀಸು. ‘ಕ್ವಿಯರ್’ ನಾನು ಒಪ್ಪಿಲ್ಲ.