ಪೋರ್ಟ್ ಅಂದ್ರೆ ಬಂದರಾ, ಎಡಗಡೆಯಾ? ಹಡಗಿನ ಇಂಗ್ಲಿಷ್ ಪದಗಳು ಗೊತ್ತಿರುವವರು ಹೇಳಿ

ಗಂಗಾವತಿ_ಮೇಷ್ಟ್ರು:

ಎಲ್ಲರಿಗೂ ನಮಸ್ಕಾರ. ಗಂಗಾವತಿ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಹೇಳಿಕೊಡುತ್ತೇನೆ. ಮೊನ್ನೆ ಒಂಬತ್ತನೇ ಕ್ಲಾಸಿಗೆ ಹಡಗಿನ ಕತೆಯೊಂದನ್ನು ಓದಿಸುತ್ತಿದ್ದೆ. ಪೋರ್ಟ್ ಅಂತ ಬಂತು, ಬಂದರು ಅಂತ ಅರ್ಥ ಹೇಳಿ ಮುಂದಕ್ಕೆ ಹೋದೆ. ಹಿಂದಿನ ಬೆಂಚಿನ ಹುಡುಗ ಎದ್ದು ನಿಂತ. ಆನೆಗೊಂದಿ ಕಡೆಯವನು, ಅವರ ಮನೆಯವರು ಹೊಳೆಯಲ್ಲಿ ತೆಪ್ಪ ಹಾಕುತ್ತಾರೆ. "ಸರ್, ಬಂದರು ಅಂದ್ರೆ ದಡದಲ್ಲಿ ಇರಬೇಕಲ್ವಾ? ಇಲ್ಲಿ ಹಡಗು ನಡುನೀರಲ್ಲಿದೆ, ಪೋರ್ಟ್ ಕಡೆ ಬಂಡೆ ಕಾಣಿಸಿತು ಅಂತ ಬರೆದಿದ್ದಾರೆ" ಅಂದ. ಅವನು ಹೇಳಿದ್ದು ಸರಿ. ಡಿಕ್ಷನರಿ ತೆಗೆದರೆ ಪೋರ್ಟ್ ಅಂದರೆ ಬಂದರು, ಹಡಗಿನ ಎಡಗಡೆ, ಒಂದು ಬಗೆಯ ವೈನ್, ಕಂಪ್ಯೂಟರಿಗೆ ವೈರ್ ಚುಚ್ಚುವ ಜಾಗ, ಇಷ್ಟೂ ಇದೆ!

ಎಡಗಡೆ ಅಂತ ಹೇಳೋಕೆ ಲೆಫ್ಟ್ ಅನ್ನುವ ಪದ ಇದ್ದೇ ಇದೆಯಲ್ಲ, ಇನ್ನೊಂದು ಯಾಕೆ ಬೇಕಾಯಿತು? ನಾಟ್ ಅಂದರೆ ಗಂಟು, ಅದು ವೇಗ ಹೇಗಾಯಿತು? ಫ್ಯಾದಮ್ ಅಂದರೆ ಆಳದ ಅಳತೆಯೂ ಹೌದು, ಅರ್ಥ ಮಾಡಿಕೊಳ್ಳುವುದೂ ಹೌದು, ಇದು ಹೇಗೆ? ಜೊತೆಗೆ ಪಾಷ್ ಅನ್ನುವ ಪದವೂ ಹಡಗಿನ ಟಿಕೆಟಿನಿಂದ ಬಂತು ಅಂತ ವಾಟ್ಸ್‌ಆ್ಯಪ್‌ನಲ್ಲಿ ಓದಿದೆ. ನಿಜವಾ? ನಮ್ಮ ಮಕ್ಕಳಲ್ಲಿ ಸಮುದ್ರ ನೋಡಿದವರು ಒಬ್ಬಿಬ್ಬರು ಇರಬಹುದು ಅಷ್ಟೆ. ಅವರಿಗೆ ತಿಳಿಯುವ ಹಾಗೆ ಹೇಳಬೇಕು, ಸುಮ್ನೆ ಬಾಯಿಪಾಠ ಮಾಡಿಸೋಕೆ ಮನಸ್ಸಿಲ್ಲ.

ರಾಯಚೂರಿನ_ನಾವಿಕ:

ಮೇಷ್ಟ್ರೇ, 19 ವರ್ಷ ಸರಕು ಹಡಗಿನಲ್ಲಿ ದುಡಿದು ಊರಿಗೆ ಬಂದವನು ನಾನು. ನಿಮ್ಮ ಮೊದಲನೇ ಪ್ರಶ್ನೆಗೆ ಉತ್ತರ ನಿಮ್ಮೂರಿನಲ್ಲೇ ಹರಿಯುತ್ತಿದೆ. ಎಡದಂಡೆ ಕಾಲುವೆ. ಅದು ಯಾರ ಎಡ? ಹೊಳೆ ಹರಿಯುವ ಕಡೆಗೆ ಮುಖ ಮಾಡಿ ನಿಂತರೆ ಎಡಕ್ಕೆ ಬರುವ ದಡ. ನೀವು ಬಳ್ಳಾರಿ ಕಡೆಯಿಂದ ನೋಡಿ, ಬೆನ್ನು ತಿರುಗಿಸಿ ನಿಲ್ಲಿ, ಎಡದಂಡೆ ಎಡದಂಡೆಯೇ. ಪೋರ್ಟ್ ಕೂಡ ಹಾಗೇ. ಹಡಗಿನ ಮೂತಿ ಕಡೆಗೆ ಮುಖ ಮಾಡಿದರೆ ಎಡಕ್ಕೆ ಬರುವ ಪಕ್ಕ. ರಾತ್ರಿ, ಮಳೆ, ಒಬ್ಬ ಹಿಂದಕ್ಕೆ ನೋಡುತ್ತಿದ್ದಾನೆ, ಇನ್ನೊಬ್ಬ ಮುಂದಕ್ಕೆ ನೋಡುತ್ತಿದ್ದಾನೆ, ಆಗ ಯಾರೋ "ಎಡಕ್ಕೆ!" ಅಂತ ಕೂಗಿದರೆ ಯಾರ ಎಡ ಅಂತ ತಿಳಿಯಬೇಕು? ಅದಕ್ಕೇ ಬೇರೆ ಪದ. ಕತ್ತಲಲ್ಲಿ ಪೋರ್ಟ್ ಪಕ್ಕಕ್ಕೆ ಕೆಂಪು ದೀಪ, ಸ್ಟಾರ್‌ಬೋರ್ಡ್ (ಬಲ) ಪಕ್ಕಕ್ಕೆ ಹಸಿರು.

ಸ್ಟಾರ್‌ಬೋರ್ಡ್‌ಗೂ ನಕ್ಷತ್ರಕ್ಕೂ ಏನೂ ಸಂಬಂಧ ಇಲ್ಲ. ಹಳೇ ಇಂಗ್ಲಿಷಿನಲ್ಲಿ ಅದು ಸ್ಟೀರ್ ಮಾಡುವ ಬೋರ್ಡ್. ಬೋರ್ಡ್ ಅಂದರೆ ಹಡಗಿನ ಪಕ್ಕ. ಆಗ ಚುಕ್ಕಾಣಿ ಹಿಂದುಗಡೆ ನಡುವೆ ಇರುತ್ತಿರಲಿಲ್ಲ, ದೊಡ್ಡ ಹುಟ್ಟೊಂದನ್ನು ಬಲ ಪಕ್ಕಕ್ಕೆ ಕಟ್ಟುತ್ತಿದ್ದರು. ಬಲಗೈಯವರೇ ಜಾಸ್ತಿ ಅಲ್ವಾ. ಆ ಪಕ್ಕವನ್ನು ದಡಕ್ಕೆ ತಾಗಿಸಿದರೆ ಹುಟ್ಟು ಮುರಿಯುತ್ತದೆ. ಹಾಗಾಗಿ ಎಡ ಪಕ್ಕವನ್ನು ದಡಕ್ಕೆ ಕೊಟ್ಟು ಅಲ್ಲಿಂದ ಸರಕು ತುಂಬುತ್ತಿದ್ದರು. ತುಂಬುವ ಪಕ್ಕಕ್ಕೆ ಲಾರ್‌ಬೋರ್ಡ್ ಅನ್ನುವ ಹೆಸರು ಬಂತು. ಈಗ ಸ್ಟಾರ್‌ಬೋರ್ಡ್, ಲಾರ್‌ಬೋರ್ಡ್ ಎರಡನ್ನೂ ಗಾಳಿಯಲ್ಲಿ ಜೋರಾಗಿ ಕೂಗಿ ನೋಡಿ, ಒಂದೇ ತರ ಕೇಳಿಸುತ್ತವೆ. ಪ್ರಾಣಕ್ಕೇ ಸಂಚಕಾರ. 1844ರಲ್ಲಿ ಬ್ರಿಟಿಷ್ ನೌಕಾಪಡೆ ಲಾರ್‌ಬೋರ್ಡ್ ಬಿಡಿ, ಪೋರ್ಟ್ ಅನ್ನಿ ಅಂತ ಆದೇಶ ಹೊರಡಿಸಿತು. ಎರಡು ವರ್ಷಕ್ಕೆ ಅಮೆರಿಕದವರೂ ಅದನ್ನೇ ಮಾಡಿದರು. ಬಂದರಿನ ಕಡೆಗಿರುವ ಪಕ್ಕ, ಆದ್ದರಿಂದ ಪೋರ್ಟ್. ನಿಮ್ಮ ಹುಡುಗನಿಗೆ ಹೇಳಿ, ಎರಡೂ ಅರ್ಥ ಒಂದೇ ಪದದ್ದು. ವೈನ್ ಪೋರ್ಚುಗಲ್‌ನ ಪೋರ್ಟೊ ಊರಿನದು, ಆ ಊರಿನ ಹೆಸರೂ ಬಂದರು ಅಂತಲೇ.

ನಾಟ್ ನನಗೆ ತುಂಬಾ ಇಷ್ಟದ್ದು. ಹಿಂದಿನ ಕಾಲದಲ್ಲಿ ವೇಗ ಅಳೆಯುತ್ತಿದ್ದದ್ದು ಹೀಗೆ. ಒಂದು ತ್ರಿಕೋನದ ಮರದ ಹಲಗೆ. ಒಂದು ಅಂಚಿಗೆ ಸೀಸ ಹಾಕಿರುತ್ತಾರೆ, ನೀರಲ್ಲಿ ನೆಟ್ಟಗೆ ನಿಲ್ಲಲಿ ಅಂತ. ಅದಕ್ಕೆ ಉದ್ದನೆಯ ಹಗ್ಗ, ಹಗ್ಗಕ್ಕೆ 47 ಅಡಿ 3 ಇಂಚಿಗೊಂದು ಗಂಟು. ಹಲಗೆಯನ್ನು ಹಿಂದುಗಡೆ ನೀರಿಗೆ ಎಸೆಯುತ್ತಾರೆ. ಅದು ನಿಂತಲ್ಲೇ ನಿಲ್ಲುತ್ತದೆ, ಹಡಗು ಮುಂದೆ ಹೋಗುತ್ತದೆ, ಹಗ್ಗ ರಾಟೆಯಿಂದ ಬಿಚ್ಚಿಕೊಳ್ಳುತ್ತಾ ಹೋಗುತ್ತದೆ. ಇನ್ನೊಬ್ಬನ ಕೈಯಲ್ಲಿ 28 ಸೆಕೆಂಡಿನ ಮರಳು ಗಡಿಯಾರ. ಮರಳು ಮುಗಿಯುವಷ್ಟರಲ್ಲಿ ಬೆರಳಿನ ನಡುವೆ ಎಷ್ಟು ಗಂಟು ಜಾರಿದವೋ ಅಷ್ಟು ನಾಟ್. ಲೆಕ್ಕ ಹಾಕಿಸಿ ಮಕ್ಕಳಿಂದ, ಗಂಟೆಗೆ ಒಂದು ನಾಟಿಕಲ್ ಮೈಲು ಬರುತ್ತದೆ, ಈಗಿನ ಅಳತೆಯಲ್ಲಿ 1852 ಮೀಟರ್. ಗಂಟೆಗೆ ಇಷ್ಟು ನಾಟ್ ಅಂತ ಕೆಲವರು ಬರೆಯುತ್ತಾರೆ, ಅದು ತಪ್ಪು, ಗಂಟೆ ಆ ಪದದ ಒಳಗೇ ಇದೆ. ಆ ಮರದ ಹಲಗೆಗೆ ಲಾಗ್ ಅಂತ ಹೆಸರು, ಅಂದರೆ ಮರದ ತುಂಡು. ಅದರ ಲೆಕ್ಕ ಬರೆದಿಡುವ ಪುಸ್ತಕ ಲಾಗ್‌ಬುಕ್. ಇವತ್ತು ನೀವು ಇಲ್ಲಿಗೆ ಲಾಗಿನ್ ಆಗಿ ಬಂದಿದ್ದೂ ಆ ಮರದ ತುಂಡಿನ ಕೃಪೆಯಿಂದಲೇ.

ಪಾಷ್ ವಿಷಯ ಕಟ್ಟುಕತೆ. ಹೋಗುವಾಗ ಪೋರ್ಟ್, ಬರುವಾಗ ಸ್ಟಾರ್‌ಬೋರ್ಡ್ ಅಂತ ನೆರಳಿನ ಕಡೆಯ ಕೋಣೆ ಪಡೆದ ಸಾಹುಕಾರರ ಟಿಕೆಟಿನ ಮೇಲೆ POSH (Port Out, Starboard Home) ಅಂತ ನಾಲ್ಕು ಅಕ್ಷರ ಒತ್ತುತ್ತಿದ್ದರು ಅನ್ನುತ್ತಾರೆ. ಅಂಥ ಟಿಕೆಟ್ ಇವತ್ತಿಗೂ ಒಂದೂ ಸಿಕ್ಕಿಲ್ಲ. ದಯವಿಟ್ಟು ಮಕ್ಕಳಿಗೆ ಹೇಳಬೇಡಿ.

ಬಳ್ಳಾರಿ_ಹಗ್ಗದಂಗಡಿ:

ಫ್ಯಾದಮ್ ಬಗ್ಗೆ ನಾನು ಹೇಳುತ್ತೇನೆ, ಮೇಷ್ಟ್ರೇ. ಅದಕ್ಕೆ ಕನ್ನಡದಲ್ಲಿ ನೂರಕ್ಕೆ ನೂರು ಸರಿಹೊಂದುವ ಪದ ಇದೆ. ಮಾರು!

ನಮ್ಮದು ಅಜ್ಜನ ಕಾಲದ ಹಗ್ಗದ ವ್ಯಾಪಾರ. ಅಪ್ಪ ಹಗ್ಗ ಅಳೆಯುವುದನ್ನು ನೋಡುತ್ತಲೇ ಬೆಳೆದೆ. ಹಗ್ಗದ ತುದಿ ಎಡಗೈ ಬೆರಳಲ್ಲಿ ಹಿಡಿದು, ಎರಡೂ ಕೈ ಅಗಲಿಸಿ, ಎದೆ ಮುಂದೆ ಬಿಗಿಯಾಗಿ ಎಳೆದು "ಒಂದು", ಮತ್ತೆ ಎಳೆದು "ಎರಡು". ಬಾವಿ ಹಗ್ಗ ತಗೊಳ್ಳೋಕೆ ಬಂದವರು ಅಡಿ ಲೆಕ್ಕ ಹೇಳುತ್ತಿರಲಿಲ್ಲ, ನಮ್ಮ ಬಾವಿ ಎಂಟು ಮಾರು ಅನ್ನುತ್ತಿದ್ದರು. ಅಜ್ಜ ಎತ್ತರದ ಆಳು. ಅಂಗಡಿಯಲ್ಲಿ ಇಬ್ಬರೂ ಇದ್ದರೆ ಗಿರಾಕಿಗಳು "ಅಜ್ಜಾ, ನೀನೇ ಅಳೆದು ಕೊಡು" ಅನ್ನೋರು. ಅಜ್ಜನ ಮಾರು ಅಪ್ಪನ ಮಾರಿಗಿಂತ ಒಂದು ಗೇಣು ಜಾಸ್ತಿ. ಇಂಗ್ಲಿಷಿನವರು ಆ ಜಗಳ ಬೇಡ ಅಂತ ಫ್ಯಾದಮ್ಮನ್ನು 6 ಅಡಿಗೆ ನಿಲ್ಲಿಸಿದರು. ಹಳೇ ಇಂಗ್ಲಿಷಿನಲ್ಲಿ ಆ ಪದಕ್ಕೆ ಚಾಚಿದ ಎರಡು ತೋಳು, ಅಪ್ಪಿಕೊಳ್ಳುವುದು ಅನ್ನುವ ಅರ್ಥ. ಆಮೇಲೆ ನೀರಿನ ಆಳ ಅಳೆಯುವುದಾಯಿತು, ಅಲ್ಲಿಂದ ವಿಷಯದ ಆಳ ತಿಳಿಯುವುದಾಯಿತು. ನಾವೂ "ಅವನ ಆಳ ಸಿಗೋದಿಲ್ಲ" ಅಂತೀವಲ್ವಾ, ಅದೇ.

ಆಳ ನೋಡಲು ಹಗ್ಗದ ತುದಿಗೆ ಸೀಸದ ಗುಂಡು ಕಟ್ಟಿ ಬಿಡುತ್ತಿದ್ದರು. ಗುಂಡಿನ ಅಡಿಯಲ್ಲಿ ಒಂದು ಗುಳಿ, ಅದಕ್ಕೆ ಪ್ರಾಣಿಯ ಕೊಬ್ಬು ಮೆತ್ತುತ್ತಿದ್ದರು. ಮೇಲೆಳೆದಾಗ ಕೊಬ್ಬಿಗೆ ಮರಳು ಅಂಟಿದೆಯಾ, ಕೆಸರಾ, ಚಿಪ್ಪಾ ಅಂತ ನೋಡಿ ಕೆಳಗಿನ ನೆಲ ಎಂಥದ್ದು ಅಂತ ತಿಳಿಯುತ್ತಿದ್ದರು. ಅಮೆರಿಕದ ಲೇಖಕ ಮಾರ್ಕ್ ಟ್ವೇನ್ ಹೆಸರೂ ಇಲ್ಲಿಯದೇ. ಅವರು ಮಿಸಿಸಿಪ್ಪಿ ಹೊಳೆಯಲ್ಲಿ ಹಬೆ ದೋಣಿ ನಡೆಸುತ್ತಿದ್ದವರು, ನಿಜವಾದ ಹೆಸರು ಬೇರೆ. ಅಳೆಯುವವನು "ಮಾರ್ಕ್ ಟ್ವೇನ್" ಅಂತ ಕೂಗಿದರೆ ಎರಡನೇ ಗುರುತು, ಎರಡು ಮಾರು ನೀರು, 12 ಅಡಿ, ದೋಣಿಗೆ ಭಯವಿಲ್ಲ ಅಂತ. ಸಮುದ್ರವೇ ಬೇಕಾಗಿಲ್ಲ, ಅದೂ ಹೊಳೆ ನೀರಿನ ಮಾತು.

ಇನ್ನೊಂದು. ಶೀಟ್ ಅಂದರೆ ಹಾಯಿಬಟ್ಟೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಹಡಗಿನಲ್ಲಿ ಶೀಟ್ ಅಂದರೆ ಹಾಯಿಯ ಮೂಲೆಗೆ ಕಟ್ಟಿ ಎಳೆಯುವ ಹಗ್ಗ. ಮೂರು ಶೀಟ್ ಗಾಳಿಗೆ ಬಿಟ್ಟಿದ್ದಾನೆ ಅಂದರೆ ಕುಡಿದು ತೂರಾಡುತ್ತಿದ್ದಾನೆ ಅಂತ. ಹಗ್ಗ ಬಿಟ್ಟರೆ ಹಾಯಿ ಪಟಪಟ ಬಡಿದುಕೊಳ್ಳುತ್ತದೆ, ಹಡಗು ಓಲಾಡುತ್ತದೆ.

ಕೊಪ್ಪಳ_ರೈಲು:

ರೈಲಿನ ಬರ್ತ್ ಕೂಡ ಹಡಗಿನಿಂದಲೇ ಬಂದದ್ದು. ಮೊದಲು ಹಡಗು ನಿಲ್ಲಲು ಬೇಕಾದ ಜಾಗ, ಆಮೇಲೆ ನಾವಿಕ ಮಲಗುವ ಜಾಗ, ಆಮೇಲೆ ರೈಲು. ಈಗ ಸಚಿವ ಸಂಪುಟಕ್ಕೂ ಬರ್ತ್ ಬಂದಿದೆ.

ಮಾನ್ವಿ_ರೈತ:

ನೀರಿನ ಪದ ಅಂತ ಒಂದು ಸೇರಿಸುತ್ತೇನೆ, ಹಡಗಿನದ್ದಲ್ಲ. ರೈವಲ್. ಲ್ಯಾಟಿನ್‌ನಲ್ಲಿ ರಿವಸ್ ಅಂದರೆ ಹಳ್ಳ, ತೊರೆ. ಒಂದೇ ತೊರೆಯ ನೀರು ಬಳಸುವವರು ರೈವಲ್‌ಗಳು. ಎದುರಾಳಿ ಅನ್ನುವ ಅರ್ಥ ಅಲ್ಲಿಂದ ಬಂತು. ಇದನ್ನು ಓದಿದ ದಿನ ಸುಮಾರು ಹೊತ್ತು ಸುಮ್ಮನೆ ಕೂತಿದ್ದೆ. ನಮ್ಮ ಹೊಲ ಕಾಲುವೆಯ ಕೊನೇ ಭಾಗದಲ್ಲಿದೆ. ಮೇಲಿನವರು ಭತ್ತಕ್ಕೆ ಹರಿಸಿಕೊಂಡು ಮಿಕ್ಕಿದರೆ ನಮಗೆ. ಹೋದ ಸಲ ತೆನೆ ಬರುವ ಹೊತ್ತಿಗೆ ಹದಿನೈದು ದಿನ ನೀರು ಮುಟ್ಟಲಿಲ್ಲ. ಮೇಲಿನ ಊರಿನವರು ನಮ್ಮ ನೆಂಟರೇ, ಮದುವೆ ಮುಂಜಿಗೆ ಹೋಗಿ ಬರುತ್ತೇವೆ. ಆದರೂ ಆ ಹದಿನೈದು ದಿನ ಮಾತಿಲ್ಲ ಕತೆಯಿಲ್ಲ. ಎರಡು ಸಾವಿರ ವರ್ಷದ ಹಿಂದೆ ರೋಮಿನ ರೈತನಿಗೂ ಇದೇ ಸಂಕಟ ಇತ್ತಲ್ಲ.

ಅರೈವ್ ಕೂಡ ನೋಡಿ. ಮೂಲದಲ್ಲಿ ಅದು ದಡ ಸೇರುವುದು. ನಾವೂ ಕೆಲಸ ಮುಗಿದರೆ "ದಡ ಮುಟ್ಟಿದೆ" ಅನ್ನುತ್ತೇವೆ. ಆಪರ್ಚುನಿಟಿ ಪದದ ಮೂಲವೂ ಹಡಗನ್ನು ಬಂದರಿನ ಕಡೆಗೆ ತಳ್ಳುವ ಗಾಳಿಯೇ.

ಮೌಸಮ್_ರಾಯಚೂರು:

ನಮ್ಮ ಮನೆಮಾತು ಉರ್ದು, ಓದಿದ್ದು ಕನ್ನಡ. ಮೇಷ್ಟ್ರೇ, ಇಂಗ್ಲಿಷ್ ಪದ ಹುಡುಕುತ್ತಾ ನಾವು ದಿನಾ ಆಡುವ ಪದ ಮರೆಯಬೇಡಿ. ಬಂದರು, ಲಂಗರು ಎರಡೂ ಫಾರಸಿಯವು. ಚುಕ್ಕಾಣಿ ಅರಬ್ಬಿಯ ಸುಕ್ಕಾನ್. ಹಡಗಿನ ವ್ಯಾಪಾರಿಗಳ ಜೊತೆ ಕರಾವಳಿಗೆ ಬಂದ ಪದಗಳು, ಈಗ ಸಮುದ್ರವಿಲ್ಲದ ನಮ್ಮೂರಿನ ಪೇಪರಿನಲ್ಲೂ "ಪಕ್ಷದ ಚುಕ್ಕಾಣಿ" ಅಂತ ಓದುತ್ತೇವೆ. ಇಂಗ್ಲಿಷಿನ ಗವರ್ನ್‌ಮೆಂಟ್‌ನ ಬೇರಿಗೂ ಚುಕ್ಕಾಣಿಯ ಅರ್ಥವೇ. ಗ್ರೀಕ್‌ನಲ್ಲಿ ಕುಬೆರ್ನಾನ್ ಅಂದರೆ ಹಡಗಿನ ಚುಕ್ಕಾಣಿ ಹಿಡಿಯುವುದು. ಲ್ಯಾಟಿನ್‌ಗೆ ಹೋಗಿ ಗವರ್ನ್ ಆಯಿತು. ಅದೇ ಬೇರಿನಿಂದ 1948ರಲ್ಲಿ ಅಮೆರಿಕದ ಗಣಿತಜ್ಞ ನಾರ್ಬರ್ಟ್ ವೀನರ್ ಸೈಬರ್ನೆಟಿಕ್ಸ್ ಅನ್ನುವ ಪದವನ್ನು ಬಳಕೆಗೆ ತಂದರು. ಸೈಬರ್ ಕೆಫೆ ಅಲ್ಲಿಂದ.

ಮಾನ್ಸೂನ್ ಕೂಡ ನಾವಿಕರ ಪದ. ಅರಬ್ಬಿಯ ಮೌಸಿಮ್, ಅಂದರೆ ಕಾಲ. ಹಡಗು ಬಿಡುವ ಗಾಳಿಯ ಕಾಲ. ಪೋರ್ಚುಗೀಸರ ಬಾಯಲ್ಲಿ ತಿರುಗಿ ಇಂಗ್ಲಿಷಿಗೆ ಬಂತು. ನಮ್ಮ ಅಮ್ಮ ಬೆಳಿಗ್ಗೆ ಬಾಗಿಲು ತೆಗೆದು "ಮೌಸಮ್ ಬದಲಾಯಿತು" ಅನ್ನುವಾಗ ಅದೇ ಪದ ಆಡುತ್ತಿರುತ್ತಾರೆ. ಕೊಟ್ಟದ್ದೂ ಇದೆ. ಕ್ಯಾಟಮರಾನ್ ತಮಿಳಿನ ಕಟ್ಟುಮರ. ಕನ್ನಡದಲ್ಲೂ ಒಡೆದು ಹೇಳಬೇಕಾಗಿಲ್ಲ, ಕಟ್ಟಿದ ಮರ. ಡಿಂಗಿ ಹಿಂದಿ, ಬಂಗಾಳಿ ಕಡೆಯದು.

ಗಂಗಾವತಿ_ಮೇಷ್ಟ್ರು:

ನಿಮಗೆಲ್ಲ ಹೇಗೆ ಥ್ಯಾಂಕ್ಸ್ ಹೇಳಲಿ. ಇವತ್ತು ಎಡದಂಡೆಯಿಂದಲೇ ಪಾಠ ಶುರು ಮಾಡಿದೆ. ಒಂದೇ ಮಾತಿಗೆ ಇಡೀ ಕ್ಲಾಸು ತಿಳಿದುಕೊಂಡಿತು. ಹಗ್ಗ ತಂದು ಮಾರು ಅಳೆಸಿದೆ. ಎಲ್ಲರದೂ ಹತ್ತಿರ ಹತ್ತಿರ ಅವರವರ ಎತ್ತರದಷ್ಟೇ ಬಂತು, ಅದನ್ನು ನೋಡಿ ಮಕ್ಕಳಿಗೆ ಆಶ್ಚರ್ಯವೋ ಆಶ್ಚರ್ಯ.

ಆದರೆ ಅದೇ ಹುಡುಗ ಮತ್ತೆ ಎದ್ದ. "ಸರ್, ನಮ್ಮ ತೆಪ್ಪಕ್ಕೆ ಪೋರ್ಟ್ ಯಾವುದು?" ಅಂದ. ತೆಪ್ಪ ದುಂಡಗಿರುತ್ತದೆ, ತಿರುಗುತ್ತಲೇ ಹೋಗುತ್ತದೆ. 1520ರ ಸುಮಾರಿಗೆ ವಿಜಯನಗರ ನೋಡಲು ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಕೂಡ ಇದನ್ನೇ ಬರೆದಿದ್ದಾನೆ. ಬುಟ್ಟಿಯ ಹಾಗಿನ ದೋಣಿ, ಒಳಗೆ ಬೆತ್ತ, ಹೊರಗೆ ಚರ್ಮ, ನೆಟ್ಟಗೆ ಹೋಗಲ್ಲ, ಸುತ್ತುತ್ತಾ ಹೋಗುತ್ತದೆ, ಹದಿನೈದು ಇಪ್ಪತ್ತು ಜನ ಹಿಡಿಸುತ್ತಾರೆ ಅಂತ. ಹುಡುಗನಿಗೆ ಏನು ಹೇಳಲಿ?

ರಾಯಚೂರಿನ_ನಾವಿಕ:

ಇಲ್ಲ ಅಂತಲೇ ಹೇಳಿ, ಮೇಷ್ಟ್ರೇ. ಹುಟ್ಟನ್ನು ಒಂದು ಪಕ್ಕಕ್ಕೆ ಕಟ್ಟಿದ್ದರಿಂದ ಆ ಪದಗಳು ಹುಟ್ಟಿದವು. ತೆಪ್ಪದಲ್ಲಿ ಹುಟ್ಟು ಕಟ್ಟುವುದಿಲ್ಲ, ಮೂತಿಯೂ ಇಲ್ಲ, ಬಾಲವೂ ಇಲ್ಲ. ಹಾಗಾದರೆ ಬಂಡೆ ಕಂಡಾಗ ಅವರು ಏನಂತ ಕೂಗುತ್ತಾರೆ? ಅದನ್ನು ಅವನನ್ನೇ ಕೇಳಿ ಇಲ್ಲಿ ಬರೆಯಿರಿ, ನನಗೂ ಗೊತ್ತಾಗಬೇಕು.

ಗಂಗಾವತಿ_ಮೇಷ್ಟ್ರು:

ಕೇಳಿದೆ. ನೀರು ಬರುವ ಕಡೆ, ನೀರು ಹೋಗುವ ಕಡೆ, ಆಚೆ ದಡ, ಈಚೆ ದಡ. ನಾಲ್ಕೇ ಅಂತೆ. "ತೆಪ್ಪ ಎಷ್ಟು ತಿರುಗಿದ್ರೂ ಹೊಳೆ ತಿರುಗಲ್ಲ ಅಲ್ವಾ ಸರ್" ಅಂದ.