ನನ್ನ ಕಾಫಿ ಹೂ ಫೋಟೋ ಅಮೆರಿಕಾದ ಪ್ಯಾಕೆಟ್ ಮೇಲೆ, ಇಲ್ಲಿನ ಕಾಪಿರೈಟ್ ಅಲ್ಲಿ ನಡೆಯುತ್ತಾ?

ನಾಪೋಕ್ಲು_ತೋಟ:
ಎರಡು ವರ್ಷದ ಹಿಂದೆ ಹೂಮಳೆ ಬಿದ್ದು ವಾರ ಕಳೆದ್ಮೇಲೆ ತೋಟ ಪೂರ್ತಿ ಬೆಳ್ಳಗೆ ಆಗಿತ್ತು, ಬೆಳಿಗ್ಗೆ ಮಂಜಲ್ಲಿ ಒಂದು ಫೋಟೋ ತೆಗೆದು ಇನ್‌ಸ್ಟಾಗೆ ಹಾಕಿದ್ದೆ. ಮೊನ್ನೆ ನ್ಯೂಜೆರ್ಸಿಲಿರೋ ಚಿಕ್ಕಪ್ಪನ ಮಗ ಕಾಫಿಪುಡಿ ಪ್ಯಾಕೆಟ್ ಒಂದರ ಚಿತ್ರ ಕಳಿಸ್ದ, ನೋಡಿದ್ರೆ ಅದೇ ಫೋಟೋ! ಮೂಲೇಲಿ ಸಿಲ್ವರ್ ಮರಕ್ಕೆ ಹಬ್ಬಿದ ನಮ್ಮ ಮೆಣಸಿನ ಬಳ್ಳಿನೂ ಹಾಗೇ ಇದೆ. ರಿಜಿಸ್ಟರ್ ಗಿಜಿಸ್ಟರ್ ಏನೂ ಮಾಡಿಸಿಲ್ಲ. ಏನ್ಮಾಡ್ಲಿ?

ಪೇಟೆ_ಹುಡ್ಗ:
ಇನ್‌ಸ್ಟಾಗೆ ಹಾಕಿದ್ಮೇಲೆ ಊರ ಸೊತ್ತು ಅಣ್ಣ. ಇಂಟರ್‌ನ್ಯಾಷನಲ್ ಕಾಪಿರೈಟ್ ತಗೊಂಡಿದ್ರೆ ಕೇಳ್ಬಹುದಿತ್ತು.

ಮಳೆಮಾಪಕ:
ತಪ್ಪು ಹೇಳ್ಬೇಡಪ್ಪ. ಇಂಟರ್‌ನ್ಯಾಷನಲ್ ಕಾಪಿರೈಟ್ ಅನ್ನೋದೇ ಇಲ್ಲ, ಯಾವ ಆಫೀಸೂ ಕೊಡಲ್ಲ. ಇರೋದು ದೇಶ ದೇಶಗಳ ನಡುವಿನ 1886ರ ಬರ್ನ್ ಒಪ್ಪಂದ. ಭಾರತ 1928ರಿಂದ ಅದರಲ್ಲಿದೆ, ಅಮೆರಿಕಾ ಸೇರಿದ್ದು 1989ರಲ್ಲಿ (ನೂರು ವರ್ಷ ಯೋಚ್ನೆ ಮಾಡಿದ್ರು ಪುಣ್ಯಾತ್ಮರು). ಇದರ ಪ್ರಕಾರ ಕ್ಲಿಕ್ ಮಾಡಿದ ಕ್ಷಣದಿಂದ ಹಕ್ಕು ನಿಮ್ದೇ, ರಿಜಿಸ್ಟ್ರೇಷನ್ ಬೇಡ, ಅಮೆರಿಕಾ ತನ್ನವರಿಗೆ ಕೊಡೋ ರಕ್ಷಣೆನೇ ನಿಮಗೂ ಕೊಡ್ಬೇಕು. ಆದ್ರೆ ನಡೆಯೋದು ಅಲ್ಲಿನ ಕಾನೂನು, ನಮ್ದಲ್ಲ. ಅದೇ ಪ್ಯಾಕೆಟ್ ಜರ್ಮನಿಲಿ ಮಾರಿದ್ರೆ ಅದಕ್ಕೆ ಜರ್ಮನಿ ಕಾನೂನು. ಇನ್‌ಸ್ಟಾಗೆ ಹಾಕೋವಾಗ ನೀವು ಲೈಸೆನ್ಸ್ ಕೊಟ್ಟಿದ್ದು ಇನ್‌ಸ್ಟಾಗೆ, ಕಾಫಿ ಕಂಪ್ನಿಗಲ್ಲ.

ನಾಪೋಕ್ಲು_ತೋಟ:
ಹಾಗಾದ್ರೆ ಮಡಿಕೇರಿ ಕೋರ್ಟಲ್ಲೇ ಕೇಸ್ ಹಾಕ್ಬಹುದಾ?

ಮಳೆಮಾಪಕ:
1957ರ ನಮ್ಮ ಆ್ಯಕ್ಟ್‌ನ 62ನೇ ಸೆಕ್ಷನ್ ಪ್ರಕಾರ ನೀವಿರೋ ಜಿಲ್ಲೆಲೇ ಹಾಕ್ಬಹುದು, ಆದ್ರೆ ಅದು ಭಾರತದೊಳಗೆ ನಡೆದ ಕಳ್ಳತನಕ್ಕೆ. ಅಲ್ಲೇ ಪ್ರಿಂಟಾಗಿ ಅಲ್ಲೇ ಮಾರಿದ್ದು ಇದರ ಕೈಗೆ ಸಿಗಲ್ಲ, ಸಿಕ್ರೂ ನಮ್ಮ ಡಿಕ್ರಿ ತಗೊಂಡೋಗಿ ಅಲ್ಲಿ ವಸೂಲಿ ಮಾಡೋದು ಬೇರೆ ರಾಮಾಯಣ. ಅಮೆರಿಕಾದಲ್ಲೇ ಹಾಕ್ಬೇಕು ಅಂದ್ರೆ ವಿದೇಶಿ ಕೃತಿಗೆ ಕೇಸ್ ಮುಂಚೆ ರಿಜಿಸ್ಟ್ರೇಷನ್ ಬೇಡ, ಸರಿ, ಆದ್ರೆ ನಿಜವಾದ ಪೇಚು ಇಲ್ಲಿದೆ: ಕಳ್ಳತನಕ್ಕೆ ಮುಂಚೆ ಅಲ್ಲಿ ರಿಜಿಸ್ಟರ್ ಆಗಿರದಿದ್ರೆ ಸಾಮಾನ್ಯವಾಗಿ 750ರಿಂದ 30,000 ಡಾಲರ್‌ವರೆಗೆ ಅಲ್ಲಿನ ಕಾನೂನೇ ನಿಗದಿ ಮಾಡಿರೋ ಪರಿಹಾರ, ಲಾಯರ್ ಫೀಸು ಎರಡೂ ಸಿಗಲ್ಲ, ನಿಮಗಾದ ನಷ್ಟ ಮತ್ತೆ ಅವರ ಲಾಭ ಇಷ್ಟೇ ಕೇಳ್ಬಹುದು, ಅಷ್ಟು ದುಡ್ಡಿಗೆ ಅಲ್ಲಿ ಲಾಯರ್ ಸಿಗೋದು ಕಷ್ಟ. ಅದಕ್ಕೇ ಮೊದ್ಲು ಅವರಿಗೊಂದು ಪತ್ರ ಬರೆದು ಬಿಲ್ ಕಳಿಸಿ. ಫೋಟೋ ಅವರ ಆನ್‌ಲೈನ್ ಅಂಗಡಿಲಿದ್ರೆ ಅದನ್ನ ಹೋಸ್ಟ್ ಮಾಡೋ ಕಂಪ್ನಿಗೆ ಟೇಕ್‌ಡೌನ್ ನೋಟಿಸ್ (ಫೋಟೋ ತೆಗೆದುಹಾಕಿ ಅಂತ ಕೇಳೋ ಪತ್ರ) ಕೊಡಿ, ಅದಕ್ಕೆ ರಿಜಿಸ್ಟ್ರೇಷನ್ ಬೇಡ, ಖರ್ಚೂ ಇಲ್ಲ. ಮೂಲ ಫೈಲ್ ಮಾತ್ರ ಡಿಲೀಟ್ ಮಾಡ್ಬೇಡಿ.

ಪೇಟೆ_ಹುಡ್ಗ:
ಓಹ್, ಸಾರಿ ಅಣ್ಣ, ನಾನು ಸುಮ್ನೆ ಹೇಳ್ಬಿಟ್ಟೆ.

ನಾಪೋಕ್ಲು_ತೋಟ:
ಮೂಲ ಫೈಲ್ ಹಳೇ ಕಾರ್ಡಲ್ಲಿ ಸಿಕ್ತು, ಆ ಬೆಳಿಗ್ಗೆ ತೆಗೆದ ಬೇರೆ ಹನ್ನೊಂದು ಫೋಟೋನೂ ಇವೆ. ತಮ್ಮನಿಗೆ ಬಿಲ್ ಸಮೇತ ಎರಡು ಪ್ಯಾಕೆಟ್ ತೆಗೆದಿಡೋಕೆ ಹೇಳಿದ್ದೀನಿ. ಕುಡಿದು ನೋಡಿದ್ನಂತೆ, ಕಾಫಿನೂ ಚೆನ್ನಾಗಿಲ್ಲ ಅಂತಿದ್ದಾನೆ. ಈಗ ಕರೆಂಟಿಲ್ಲ, ಬಂದ್ಮೇಲೆ ಪತ್ರ ಟೈಪ್ ಮಾಡಿ ಇಲ್ಲೇ ಹಾಕ್ತೀನಿ, ಒಂದ್ಸಲ ನೋಡಿ ಹೇಳಿ.