ತಮ್ಮನ ರಕ್ತದಲ್ಲಿ ಗಂಟಲಮಾರಿಯ ರೋಗಾಣು. ಗಂಟಲಿನಲ್ಲಿ ಏನೂ ಇಲ್ಲ

ಅಡಕೆತೋಟ:
ನನ್ನ ತಮ್ಮನಿಗೆ 34 ವರ್ಷ. ಚಿಕ್ಕಂದಿನ ರುಮ್ಯಾಟಿಕ್ ಜ್ವರದಿಂದ ಹೃದಯದ ಕವಾಟ ಕೆಟ್ಟಿದೆ. 21 ದಿನಕ್ಕೊಮ್ಮೆ ಪೆನಿಸಿಲಿನ್ ಸೂಜಿ ಹಾಕಿಸಿಕೊಳ್ಳುತ್ತಿದ್ದವನು ಮದುವೆಯಾದ ಮೇಲೆ ಬಿಟ್ಟ. ಎರಡು ವಾರದಿಂದ ಸಂಜೆಯಾದರೆ ಚಳಿಜ್ವರ. ರಕ್ತದಲ್ಲಿ ರೋಗಾಣು ಬೆಳೆಯುತ್ತದೆಯೇ ಎಂದು ನೋಡುವ ಮೊದಲ ಕಲ್ಚರ್ ವರದಿಯಲ್ಲಿ ‘ಡಿಫ್ತೆರಾಯ್ಡ್, ಚರ್ಮದಿಂದ ಸೇರಿದ್ದಿರಬಹುದು’ ಎಂದು ಬರೆದು ಕೈಬಿಟ್ಟರು. ಮತ್ತೆ ಮೂರು ಬಾಟಲಿ ತೆಗೆದಾಗ ಮೂರರಲ್ಲೂ ಅದೇ ಬೆಳೆಯಿತು. ಈಗ ಅದು ಕೊರಿನೆಬ್ಯಾಕ್ಟೀರಿಯಂ ಡಿಫ್ತೀರಿಯೇ, ಅಂದರೆ ಗಂಟಲಮಾರಿಯ ರೋಗಾಣು, ಆದರೆ ವಿಷ ಉತ್ಪಾದಿಸದ ತಳಿ ಎನ್ನುತ್ತಿದ್ದಾರೆ. ಹೃದಯದ ಸ್ಕ್ಯಾನ್ ಎಕೋದಲ್ಲಿ ಕವಾಟಕ್ಕೆ ಏನೋ ಅಂಟಿಕೊಂಡಿರುವುದು ಕಂಡಿದೆ. ಅವನಿಗೆ ಲಸಿಕೆಗಳೆಲ್ಲ ಆಗಿವೆ, ಅಮ್ಮ ಕಾರ್ಡನ್ನು ಇಂದಿಗೂ ಟ್ರಂಕಿನಲ್ಲಿ ಇಟ್ಟಿದ್ದಾರೆ. ವಿಷವಿಲ್ಲದ್ದು ಹೃದಯ ಕೊರೆಯುವುದು ಹೇಗೆ? ಮನೆಯ ಮಕ್ಕಳಿಗೆ ಭಯವಿದೆಯೇ?

ಹಳೆಯ ಲ್ಯಾಬಿನವಳು:
30 ವರ್ಷ ಲ್ಯಾಬಿನಲ್ಲಿ ರೋಗಾಣು ಬೆಳೆಸುವ ತಟ್ಟೆ ನೋಡಿದವಳು ನಾನು. ‘ಡಿಫ್ತೆರಾಯ್ಡ್’ ಎಂದು ಬರೆದು ಬಾಟಲಿ ಎಸೆದ ಪಾಪ ನನ್ನದೂ ಇದೆ, ಆ ಹುಡುಗರನ್ನು ಬೈಯಲಾರೆ. ನಮ್ಮೆಲ್ಲರ ಚರ್ಮದ ಮೇಲೆ ಇದರ ನಿರುಪದ್ರವಿ ದಾಯಾದಿಗಳಿವೆ, ಅವನ್ನೇ ಡಿಫ್ತೆರಾಯ್ಡ್ ಎನ್ನುವುದು. ಸೂಕ್ಷ್ಮದರ್ಶಕದಲ್ಲಿ ನೋಡಲು ಹಾಕುವ ಗ್ರಾಂ ಬಣ್ಣದಲ್ಲಿ ಅಸಲಿ ರೋಗಾಣು ಯಾವುದು, ದಾಯಾದಿ ಯಾವುದು ಎಂದು ತಿಳಿಯುವುದಿಲ್ಲ. ಒಂದು ಬಾಟಲಿಯಲ್ಲಿ ಬಂದರೆ ಅನುಮಾನ, ಮೂರರಲ್ಲೂ ಬಂದರೆ ಅದು ರೋಗವೇ.

ಗಂಟಲಮಾರಿಯ ವಿಷ ಈ ರೋಗಾಣುವಿನ ಸ್ವಂತ ಆಸ್ತಿಯಲ್ಲ. ಅದರೊಳಗೆ ಹೊಕ್ಕ ಒಂದು ವೈರಸ್, ಅಂದರೆ ಫೇಜ್, ವಿಷದ ಜೀನನ್ನು ಹೊತ್ತು ತರುತ್ತದೆ. ಫೇಜ್ ಹೊಕ್ಕರೆ ವಿಷವಿಲ್ಲದ ತಳಿಯೂ ವಿಷ ಉತ್ಪಾದಿಸುತ್ತದೆ ಎಂದು 1951ರಲ್ಲಿ ಫ್ರೀಮನ್ ಎಂಬ ವಿಜ್ಞಾನಿ ತೋರಿಸಿದರು. ನಮ್ಮ ಲಸಿಕೆ ಪಳಗಿಸಿದ ವಿಷದಿಂದ ಮಾಡಿದ್ದು. ಅದು ವಿಷವನ್ನು ತಡೆಯುತ್ತದೆ, ರೋಗಾಣುವನ್ನಲ್ಲ. ಹಾಗಾಗಿ ಅಮ್ಮನ ಕಾರ್ಡು ಸುಳ್ಳಲ್ಲ. ಫೇಜ್ ಇಲ್ಲದ ತಳಿಗೂ ಅಂಟಿಕೊಳ್ಳುವ ಗುಣವಿದೆ, ರಕ್ತಕ್ಕೆ ಇಳಿದರೆ ಕೆಟ್ಟ ಕವಾಟ ಅದಕ್ಕೆ ಹೇಳಿ ಮಾಡಿಸಿದ ಜಾಗ. ‘ವಿಷವಿಲ್ಲ’ ಎಂಬುದನ್ನು ತಳಿ ವಿಷ ಉತ್ಪಾದಿಸುತ್ತದೆಯೇ ಎಂದು ನೋಡುವ ಎಲೆಕ್ ಪರೀಕ್ಷೆಯಿಂದಲೋ ವಿಷದ ಜೀನ್ ಹುಡುಕುವ ಪಿಸಿಆರ್‌ನಿಂದಲೋ ಖಚಿತಪಡಿಸಿದ್ದಾರೆಯೇ ಎಂದು ಕೇಳಿ. ಖಚಿತವಾಗಿದ್ದರೆ ವಿಷವನ್ನು ತಟಸ್ಥಗೊಳಿಸುವ ಮದ್ದಾದ ಆ್ಯಂಟಿಟಾಕ್ಸಿನ್ ಬೇಕಾಗುವುದಿಲ್ಲ.

ಇದು ರಕ್ತಕ್ಕೆ ಇಳಿದ ದಾರಿ ತಿಳಿಯಲು ಒಂದು ಮಾತು: ತಮ್ಮನ ಕಾಲಿನಲ್ಲಿ ಗಾಯವಿದೆಯೇ? ಹಲ್ಲು ಹುಳುಕಾಗಿದೆಯೇ?

ಮಳೆಯ ಊರು:
ನಾನು ಕೆನಡಾದ ವ್ಯಾಂಕೂವರಿನಲ್ಲಿ ನರ್ಸ್. ಇಲ್ಲಿನ ಡೌನ್‌ಟೌನ್ ಈಸ್ಟ್‌ಸೈಡ್‌ನಲ್ಲಿ ಬೀದಿಯಲ್ಲಿ ಮಲಗುವವರ, ಸೂಜಿಯಿಂದ ಮಾದಕ ವಸ್ತು ಚುಚ್ಚಿಕೊಳ್ಳುವವರ ಹುಣ್ಣುಗಳಲ್ಲಿ ಇದೇ ವಿಷವಿಲ್ಲದ ತಳಿ ಸಿಕ್ಕಿದೆ. ಸ್ವಿಟ್ಜರ್ಲೆಂಡಿನಲ್ಲಿ 1990ರ ದಶಕದಲ್ಲೇ ಇಂಥವರಲ್ಲಿ ಕವಾಟದ ಸೋಂಕು ಕಂಡಿತ್ತು. ಹಳ್ಳಿಯ ಅಡಕೆ ತೋಟಕ್ಕೂ ಇದಕ್ಕೂ ಏನು ಸಂಬಂಧ ಎನ್ನಬೇಡಿ, ಒಡೆದ ಚರ್ಮ ಎಲ್ಲೆಡೆ ಒಂದೇ.

ವಾರ್ಡಿನಿಂದ:
‘ವಿಷವಿಲ್ಲದ ತಳಿ’ ಎಂಬ ಹೆಸರಷ್ಟೇ ಸೌಮ್ಯ, ಅದರ ನಡತೆ ಸೌಮ್ಯವಲ್ಲ. ಕವಾಟಕ್ಕೆ ಅಂಟಿದ ಗಂಟು ಕಳಚಿ ಮಿದುಳಿಗೋ ಕಾಲಿನ ರಕ್ತನಾಳಕ್ಕೋ ಹೋಗಬಹುದು. ಬಾಯಿ ಸೊಟ್ಟಗಾದರೆ, ಕೈ ಬಲ ಕುಂದಿದರೆ, ಉಸಿರು ಹೆಚ್ಚಾದರೆ ಬೆಳಗಾಗಲಿ ಎಂದು ಕಾಯಬೇಡಿ, ಆ ಕ್ಷಣವೇ ಡ್ಯೂಟಿ ಡಾಕ್ಟರನ್ನು ಕರೆಯಿರಿ. ಸಾಮಾನ್ಯವಾಗಿ ವಾರಗಟ್ಟಲೆ ರಕ್ತನಾಳಕ್ಕೆ ಪೆನಿಸಿಲಿನ್ ಕೊಡುತ್ತಾರೆ, ಜೊತೆಗೆ ಜೆಂಟಾಮೈಸಿನ್ ಎಂಬ ಆ್ಯಂಟಿಬಯೋಟಿಕ್ ಇದ್ದರೆ ಮೂತ್ರಪಿಂಡದ ಪರೀಕ್ಷೆ ನಡೆಯುತ್ತಿರಬೇಕು. ಜ್ವರ ಇಳಿಯಿತೆಂದು ಮನೆಗೆ ಕರೆದುಕೊಂಡು ಹೋಗಬೇಡಿ. ಕೆಲವರಿಗೆ ಕವಾಟವನ್ನೇ ಬದಲಿಸಬೇಕಾಗುತ್ತದೆ. ಮಕ್ಕಳ ಲಸಿಕೆ ಬಾಕಿಯಿದ್ದರೆ ಹಾಕಿಸಿ, ಅದು ವಿಷ ಉತ್ಪಾದಿಸುವ ತಳಿಯಿಂದ ಕಾಪಾಡಲು, ಈ ತಳಿಯಿಂದಲ್ಲ.

ಅಡಕೆತೋಟ:
ಅಮ್ಮಾ, ನೀವು ಕೇಳಿದ್ದಕ್ಕೆ ಕಂಬಳಿ ಸರಿಸಿ ನೋಡಿದೆ. ಎಡ ಹಿಮ್ಮಡಿಯ ಒಡಕು ಕೀವಾಗಿದೆ. ಮಳೆಗಾಲದಿಂದ ಅದಕ್ಕೆ ಅರಿಸಿನ ಮೆತ್ತಿಕೊಂಡು ಬರಿಗಾಲಲ್ಲೇ ತೋಟ ಸುತ್ತುತ್ತಿದ್ದನಂತೆ, ಯಾರಿಗೂ ಹೇಳಿಲ್ಲ. ಡಾಕ್ಟರಿಗೆ ತೋರಿಸಿದೆ, ಮಧ್ಯಾಹ್ನ ಸ್ವಾಬ್ ತೆಗೆದುಕೊಂಡು ಹೋದರು.

ಹಳೆಯ ಲ್ಯಾಬಿನವಳು:
ಚೀಟಿಯಲ್ಲಿ ‘ಡಿಫ್ತೀರಿಯೇಗಾಗಿ ನೋಡಿ’ ಎಂದು ಬರೆದಿದ್ದಾರೆಯೇ? ಇಲ್ಲದಿದ್ದರೆ ಈ ರೋಗಾಣುವನ್ನು ಗುರುತಿಸಲು ಬಳಸುವ ಟೆಲ್ಯೂರೈಟ್ ತಟ್ಟೆಗೆ ಹಾಕುವುದಿಲ್ಲ. ಈಗಲೇ ಹೋಗಿ ಕೇಳಿ.